ಹತ್ತು ಮನಿ ಅಗಲದ ಆಕಾಶ

— ಇದನ್ನ ನೀನ ಮಾಡೀದೇನೋ?

— ಹೌದ್ರಿ ಕಾಕಾ. ಮ್ಯಾಲಿಂದ ವೈರಿ ಹಡಗ ಇಳೀತಾವ, ಕೆಳಗ ನಮ್ಮದೊಂದು. ಎಡಕ್ಕ ಬಲಕ್ಕ ಸರಕೋಂತ ಹೊಡೀಬೇಕು, ಅವು ಬಿಟ್ಟ ಗುಂಡಿನಿಂದ ತಪ್ಪಿಸಕೋಬೇಕು. ಜಪಾನಿನ ಹಳೇ ಗೇಮ್ ಬಾಯ್ ಐತಲ್ಲ, ಅದಕ್ಕಂತ ಬರದೀನಿ. ಈ ಡಬ್ಬಿ ಚೀನಾದ್ದು, ಗೇಮ್ ಬಾಯ್ ಆಟಗೋಳನ್ನ ಹಂಗ ನಡಸತೈತಿ.

— ಈ ಆಟ ನನಗೇನ ಹೊಸದಲ್ಲ ತಮ್ಮಾ. ಇದನ್ನ ನಾ ಇಂಡಿ ಜಾತ್ರ್ಯಾಗ ಮಾರೀನಿ.

— ಗೇಮ್ ಬಾಯ್ ಮಾರೀರಿ? ಇಂಡ್ಯಾಗ?

— ಗೇಮ್ ಬಾಯ್ ಕಣ್ಣಿಲೆ ಕಂಡವರು ಯಾರ ಇದ್ರೋ ಇಲ್ಲಿ. ನಾ ಮಾರಿದ್ದು ಬ್ರಿಕ್ ಗೇಮ್. ಸಿಂದಗಿ ಅಂಗಡ್ಯಾಗ ವಾಚು, ರೇಡಿಯೋ ರಿಪೇರಿ ನಡದಿದ್ರೂ ಕೈಯಾಗ ನಾಕ ರೊಕ್ಕ ಆಡೋದು ಜಾತ್ರ್ಯಾಗನ. ಇಂಡಿ ಶಾಂತೇಶ್ವರನ ಜಾತ್ರಿ, ಶ್ರಾವಣದಾಗ ಬಾಗೇವಾಡಿ ಬಸವಣ್ಣನ ಜಾತ್ರಿ, ಮುದ್ದೇಬಿಹಾಳದ ಗ್ರಾಮದೇವತಿ ಜಾತ್ರಿ, ನಮ್ಮೂರ ನೀಲಗಂಗಮ್ಮಂದಂತೂ ಇದ್ದ ಇತ್ತು. ತಾಡಪತ್ರಿ ಹಾಸಿ ಅದರ ಮ್ಯಾಲ ಗಡಿಯಾರ, ಟಾರ್ಚು, ಸೆಲ್ಲು ಹರವಿ, ನಟ್ಟನಡಬರಕ ಈ ಬ್ರಿಕ್ ಗೇಮ್ ಇಡತಿದ್ದೆ. ಡಬ್ಬಿ ಮ್ಯಾಲ 9999 ಇನ್ 1 ಅಂತ ದಪ್ಪಕ್ಷರದಾಗ ಬರದಿರತಿತ್ತು.

— ಅದು ಟೆಟ್ರಿಸ್ ನಕಲ ಅಲ್ಲೇನ್ರಿ? 1984ರಾಗ ಮಾಸ್ಕೋದಾಗ ಅಲೆಕ್ಸಿ ಪಜಿಟ್ನೋವ್ ಮಾಡಿದ ಆಟ. ಇಟ್ಟಂಗಿ ಬೀಳ್ತಾವ, ಸಾಲು ತುಂಬಬೇಕು. ಅದಕ್ಕೂ ನನ್ನ ಆಟಕ್ಕೂ ಏನ ಸಂಬಂಧ?

— ಅದು ಮೊದಲನೇ ಆಟ ಅಷ್ಟ. ಬಟನ್ ಒತ್ತಕೋಂತ ಹೋದ್ರ ರೇಸ್ ಗಾಡಿ, ಹಾವು, ಟ್ಯಾಂಕು, ಕಪ್ಪಿ ರಸ್ತಾ ದಾಟೋದು ಬರತಾವ. ಅವುಗಳ ನಡಕ ಒಂದು ಗುಂಡ ಹೊಡಿಯೋದು. ತಳದಾಗ ಮೂಗಿದ್ದ ಒಂದ ಸಣ್ಣ ಬಂದೂಕು, ನೆತ್ತಿ ಮ್ಯಾಲ ಇಟ್ಟಂಗಿ ಸಾಲು. ಸಾಲು ಕೆಳಗ ಸರೀತಿರತೈತಿ, ನೀ ಒಂದೊಂದ ಇಟ್ಟಂಗಿ ಹೊಡದು ಉದುರಸಬೇಕು. ಅದು ತಳ ಮುಟ್ಟಿದ್ರ ನಿನ್ನ ಕಥಿ ಮುಗೀತು. 9999 ಅನ್ನೋದು ಶುದ್ಧ ಸುಳ್ಳು, ಅದು ನನಗೂ ಗೊತ್ತಿತ್ತು, ಕೊಂಡವರಿಗೂ ಗೊತ್ತಿತ್ತು. ಬೆರಳ ಮ್ಯಾಲ ಎಣಿಸುವಷ್ಟ ಆಟ, ವೇಗ ಬ್ಯಾರೆ, ಹಂತ ಬ್ಯಾರೆ ಮಾಡಿ ಎಣಿಕಿ ಏರಸ್ಯಾರ. ಆದ್ರ ಆ ಅಂಕಿ ಕಮ್ಮಿ ಇದ್ದ ಡಬ್ಬೀನ ಯಾವ ಪೋರಾನೂ ಕೈಯಾಗ ಹಿಡೀತಿರಲಿಲ್ಲ.

— ಅದರಾಗ ಹಡಗ ಎಲ್ಲೈತ್ರಿ? ಬಾಹ್ಯಾಕಾಶ ಎಲ್ಲೈತಿ?

— ನಿನ್ನದರಾಗ ಎಲ್ಲೈತಿ? ಕರೀ ಬಣ್ಣದ ಮ್ಯಾಲ ಹತ್ತಿಪ್ಪತ್ತ ಚುಕ್ಕಿ ಉದುರಿಸಿ ಅದನ್ನ ಆಕಾಶ ಅಂತಿ. ನಿನ್ನ ಆಟ ಬರಿಯವರಿಗೆಲ್ಲಾ ಆಕಾಶ ಯಾಕ ಬೇಕಂದ್ರ, ಅದನ್ನ ಬಿಡಸೋ ಖರ್ಚಿಲ್ಲ.

— ಅದು ಸುಳ್ಳಲ್ಲ. ಕಂಪ್ಯೂಟರ್‌ಗೆ ಖಾಲಿ ಜಾಗಕ್ಕಿಂತ ಸೋವಿ ಚಿತ್ರ ಇಲ್ಲ. 1978ರಾಗ ಟೈಟೋ ಕಂಪನ್ಯಾಗ ತೊಮೊಹಿರೋ ನಿಶಿಕಾದೋ ‘ಸ್ಪೇಸ್ ಇನ್ವೇಡರ್ಸ್’ ಮಾಡಿದಾಗ ಒಳಗಿದ್ದದ್ದು ಇಂಟೆಲ್‌ನ 8080 ಚಿಪ್ಪು. ಸಾಲಿಗೆ 11ರಂಗ 5 ಸಾಲು, ಒಟ್ಟ 55 ವೈರಿ. ಅಷ್ಟೂ ಬಿಡಿಸಿ ಸರಸೋದ್ರಾಗ ಆ ಚಿಪ್ಪಿಗೆ ಸಾಕಾಗತಿತ್ತು. ನಾವು ವೈರಿಗಳನ್ನ ಕೊಂದಂಗ ಕೊಂದಂಗ ಅದರ ಭಾರ ಇಳದು, ಉಳದವು ಜೋರಾಗಿ ಓಡ್ಲಾಕ ಹತ್ತತಿದ್ವು. ನಿಶಿಕಾದೋ ಅದನ್ನ ತಿದ್ದಲಿಲ್ಲ, ಹಂಗ ಬಿಟ್ಟರು. ಕಡೀಗೆ ಒಂದ ಉಳದಾಗ ಕೈ ನಡಗತಿದ್ವಂತ ಆಡವರಿಗೆ. ಈಗ ನಾವು ಬೇಕಂತ ಆ ವೇಗ ಬರಿತೀವಿ, ಅವಾಗ ಅದು ತಾನ ಬಂದಿತ್ತು.

— ಹಂಗ ಬಾ ದಾರಿಗೆ. ಇನ್ನೊಂದ ಕೇಳ್ತೀನಿ. ಆ ಜಪಾನಿನ ಆಟದ ಪರದಿ ಅಡ್ಡ ಇತ್ತೋ, ಉದ್ದ ಇತ್ತೋ?

— ಉದ್ದ. ಟಿವಿ ಪರದೀನ ಮಗ್ಗಲಕ್ಕ ಹೊಳ್ಳಿಸಿ ನಿಂದರಸತಿದ್ರು. 1979ರ ‘ಗ್ಯಾಲಕ್ಸಿಯನ್’, 1981ರ ‘ಗಲಾಗ’, ಆಮ್ಯಾಲ ‘ಜೆವಿಯಸ್’, ಎಲ್ಲಾ ಉದ್ದನ್ನ ಪರದಿ ಆಟನ. ವೈರಿ ಮ್ಯಾಲ ಕಾಣಿಸಿದ್ದಕ್ಕೂ ನಿಮ್ಮ ತನಕ ಬರೋದಕ್ಕೂ ನಡುವ ಹೊತ್ತು ಬೇಕಲ್ಲ. ಆ ಹೊತ್ತು ಅಂದ್ರ ಪರದಿ ಎತ್ತರನ.

— ಬ್ರಿಕ್ ಗೇಮ್ ಪರದಿ ನೆನಪ ಮಾಡ್ಕೋ. ಅಡ್ಡ 10 ಮನಿ, ಉದ್ದ 20. ಬಾಜೂಕ ಅಂಕಿ ತೋರಸಲಿಕ್ಕ ಒಂದ ಸಣ್ಣ ಪಟ್ಟಿ. ಅಗಲಕ್ಕಿಂತ ಎತ್ತರ ಎರಡ ಪಟ್ಟು. ಈಗ ನಿನ್ನ ಗೇಮ್ ಬಾಯ್ ಲೆಕ್ಕ ಹೇಳು.

— ಅಡ್ಡ 160 ಚುಕ್ಕಿ, ಉದ್ದ 144.

— ಅಂದ್ರ ಅದು ಗಿಡ್ಡ. ಮ್ಯಾಲಿಂದ ಬಂದದ್ದು ಕಣ್ಣ ಪಿಳುಕಿಸೋದ್ರಾಗ ತಲಿ ಮ್ಯಾಲ. ನೋಕಿಯಾ 3310ದಾಗ ‘ಸ್ಪೇಸ್ ಇಂಪ್ಯಾಕ್ಟ್’ ಅಂತ ಇತ್ತು, ಅದರಾಗ ಹಡಗ ಎಡದಿಂದ ಬಲಕ್ಕ ಹೋಗತಿತ್ತು. ಯಾಕಂತ ಕೇಳಿದ್ರ ಹೇಳತಿದ್ದೆ, ಆ ಫೋನಿನ ಪರದಿ 84ಕ್ಕ 48, ಅಡ್ಡಕ್ಕ ಮಲಗಿದ ಪರದಿ, ಅದರಾಗ ಮ್ಯಾಲಿಂದ ಯಾರ ಇಳೀಬೇಕು? ಆಟಕ್ಕ ತಕ್ಕ ಪರದಿ ಇದ್ದದ್ದು ನನ್ನ ತಾಡಪತ್ರಿ ಮ್ಯಾಲಿನ ಡಬ್ಬ್ಯಾಗ.

— ಟೆಟ್ರಿಸ್ ಸಲುವಾಗಿ ಮಾಡಿದ ಪರದಿ ಅದು, ಗುಂಡಿನ ಆಟಕ್ಕ ಅಲ್ಲ.

— ಮಾಡಿದ್ದು ಯಾರ ಸಲುವಾಗಿ ಇದ್ರೇನು, ಕೂತದ್ದು ಯಾರಿಗೆ ಅನ್ನು. ಬಾ, ಜರಾ ಹೊರಗ ಕಟ್ಟಿ ಮ್ಯಾಲ ಕೂಡೂಣು. ಆಡಿ ನೋಡ್ತೀನಿ.

— ಬಿಸಲಾಗ ಕಾಣಂಗಿಲ್ರಿ ಕಾಕಾ.

— ಕಾಣವಲ್ದು ಖರೇ. ನನ್ನ ಮಾರೀನ ಕಾಣತೈತಿ ಇದರಾಗ. ವಿಜಾಪುರ ಜಿಲ್ಲಾದ ಬಿಸಲ ಮುಂದ ಈ ಡಬ್ಬಿ ಬೆಳಕೇನ ಲೆಕ್ಕ. ಬ್ರಿಕ್ ಗೇಮ್ ನಡುಮಧ್ಯಾಹ್ನದಾಗನ ಛಲೋ ಕಾಣತಿತ್ತು. ಅದಕ್ಕ ತಂದ ಬೆಳಕ ಇಲ್ಲ, ಬಿದ್ದ ಬೆಳಕ ವಾಪಸ್ ಕೊಡತಿತ್ತು, ಅದರ ಮ್ಯಾಲ ಕರೀ ಮನಿ ಮೂಡತಿದ್ವು. ರಾತ್ರಿ ಕರೆಂಟ್ ಹೋದಾಗ ಮಾತ್ರ ಸತ್ತಂಗ. ಅವಾಗ ಹುಡುಗೂರು ಪೆಟ್ರೋಮ್ಯಾಕ್ಸ್ ಇದ್ದ ಮಿಠಾಯಿ ಅಂಗಡಿ ಮುಂದ ಹೋಗಿ ಕೂಡತಿದ್ರು, ಆ ಅಂಗಡಿಯವ ನನ್ನ ಬೈತಿದ್ದ.

— ಮೊದಲಿನ ಗೇಮ್ ಬಾಯ್ ಪರದೀನೂ ಹಂಗ ಇತ್ರಿ, 1989ರದ್ದು. ಅದಕ್ಕೂ ಹಿಂದಿಂದ ಬೆಳಕಿರಲಿಲ್ಲ, ಬರೇ ನಾಕ ಛಾಯೆ, ಬಣ್ಣ ಇಲ್ಲ. ಅದನ್ನ ಮಾಡಿಸಿದ ಗುನ್ಪೆ ಯೊಕೊಯಿ ಅನ್ನೋರ ಹಟಾ ಅದು. ಬಣ್ಣದ ಪರದಿ ಆಗಲೇ ಇತ್ತು, ಆದ್ರ ಸೆಲ್ಲ ತಿಂದ ಹಾಕತಿತ್ತು. ಹಳೇದಾಗಿ, ಸೋವಿಯಾಗಿ, ಎಲ್ಲರಿಗೂ ಗುರ್ತಾದ ಸಾಮಾನು ತಗೊಂಡು ಅದನ್ನ ಬ್ಯಾರೆ ಕೆಲಸಕ್ಕ ಹಚ್ಚಬೇಕು ಅಂತಿದ್ರು ಅವರು. ಕ್ಯಾಲ್ಕುಲೇಟರ್ ಪರದೀಲೆ ಆಟದ ಸಾಮಾನು ಮಾಡಿದ್ದೂ ಅವರ, 1980ರಾಗ, ‘ಗೇಮ್ ಅಂಡ್ ವಾಚ್’.

— ಹಂಗಂದ್ರ ಅವರು ರಿಪೇರಿ ಅಂಗಡ್ಯಾಗ ಕೂಡೋ ಮನುಷ್ಯ.

— ಗೇಮ್ ಬಾಯ್‌ಗೆ ಒಂದು ಉದ್ದಕ್ಕ ಇಳಿಯೋ ಗುಂಡಿನ ಆಟಾನೂ ನಿಂಟೆಂಡೋದವರ 1990ರಾಗ ತಂದ್ರು, ‘ಸೋಲಾರ್ ಸ್ಟ್ರೈಕರ್’ ಅಂತ. ಅದರ ಹಿಂದೂ ಯೊಕೊಯಿ ಇದ್ರು. ಆರ ಹಂತ. ಬಾಂಬಿಲ್ಲ, ಕವಚ ಇಲ್ಲ, ಒಂದ ಬಂದೂಕು, ಅದು ಹೆಚ್ಚಿಗಿ ಆಗತೈತಿ ಅಷ್ಟ. ಏಟ ಬಿತ್ತಂದ್ರ ಜೀವ ಹೋತು. ಮಂದಿ ಅದನ್ನ ಸಪ್ಪಗೈತಿ ಅಂತಾರ. ನನಗ ಅದರ ಕೋಡ್ ಬರದವರ ಕೈ ನೋಡಿದ್ರ ಹೊಟ್ಟಿಕಿಚ್ಚ.

— ಅದರಾಗ ಹೊಟ್ಟಿಕಿಚ್ಚ ಪಡೋವಂಥಾದ್ದೇನು?

— ನೆಲ ಕೆಳಗ ಸರಕೋಂತ ಬರತೈತಲ್ರಿ, ನಮ್ಮ ಹಡಗ ಮ್ಯಾಲ ಹೊಂಟಂಗ ಕಾಣತೈತಿ. ಖರೇ ಹೇಳಬೇಕಂದ್ರ ಹಡಗ ಇದ್ದಲ್ಲೇ ಐತಿ. ಆ ಯಂತ್ರದಾಗ ಹಿಂದಿನ ಚಿತ್ರ ಅಂದ್ರ ಎಂಟೆಂಟ ಚುಕ್ಕಿ ಚೌಕದ ಹಾಸು. ಇಡೀ ಹಾಸು 32 ಸಾಲು, 32 ಕಂಬ. ಪರದ್ಯಾಗ ಕಾಣೋದು 18 ಸಾಲು, ಉಳದ 14 ಸಾಲು ಮರಿಗಿ. 32ರ ಆಚೆ ಮತ್ತ ಒಂದನೇ ಸಾಲನ ಬರತೈತಿ, ಸುತ್ತು ಮುಗಿಯಂಗಿಲ್ಲ.

— ಮತ್ತ ತಾಸಗಟ್ಟಲೆ ಹೊಸಾ ನೆಲ ಎಲ್ಲಿಂದ ಬರತೈತಿ?

— ಜಾತ್ರಿ ತೊಟ್ಟಲಾ ನೋಡೀರಲ್ಲ. ತೊಟ್ಟಲಾ ತಳಕ್ಕ ಬಂದಾಗ ಹಳೇ ಮಂದೀನ ಇಳಿಸಿ ಹೊಸಬರನ್ನ ಏರಸ್ತಾರ, ದೂರ ನಿಂತು ಮ್ಯಾಲಷ್ಟ ನೋಡವಗ ಅದು ಕಾಣಂಗಿಲ್ಲ. ಇದೂ ಹಂಗ. ಒಂದು ಸಾಲು ಪರದಿ ಕೆಳಗ ಮರಿ ಆಗೋ ತಡಾ, ಅದನ್ನ ಅಳಿಸಿ ಮುಂದಿನ ನೆಲ ಬರದ ಬಿಡಬೇಕು. ಸುತ್ತ ಹೊಡದು ಅದು ನೆತ್ತಿ ಮ್ಯಾಲ ಬರೋದ್ರಾಗ ಹೊಸಾ ಊರು. ಇದನ್ನ ಮಾಡ್ಲಾಕ ಸಿಗೋ ಹೊತ್ತು, ಒಂದ ಚಿತ್ರ ಮುಗದು ಇನ್ನೊಂದ ಸುರು ಆಗೋ ನಡುವಿನದು, ಸೆಕೆಂಡಿನ ಸಾವಿರದಾಗ ಒಂದ ಪಾಲಿಗಿಂತ ಒಂಚೂರ ಹೆಚ್ಚು. ಹಂಗ ಸೆಕೆಂಡಿಗೆ ಸುಮಾರ 60 ಸಲ.

— ಅದರಾಗ ನೀ ಯಾವ ನೆಲ ಬರದೀದಿ?

— ಎರಡನೇ ಹಂತದಾಗ ಕೃಷ್ಣಾ ಹೊಳಿ ಬರದೀನಿ. ಕಡೀಗೆ ಆಲಮಟ್ಟಿ ಗೇಟು, 26ಕ್ಕ 26. ಜೆವಿಯಸ್‌ನಾಗ ಮಸಾನೋಬು ಎಂಡೋ ಪೆರು ದೇಶದ ನಾಸ್ಕಾ ಗೀರಿನ ಹಕ್ಕಿ ನೆಲದಾಗ ಬಿಡಸಿದ್ರು. ಅವರು ಅದನ್ನ ಇಟ್ಟರ ನಾ ಆಲಮಟ್ಟಿ ಇಡಬಾರದೇನು.

— ಇಡು. ಆದ್ರ ಹಿನ್ನೀರಾಗ ಊರ ಕಳಕೊಂಡವರು ಮುದ್ದೇಬಿಹಾಳ, ಬಾಗೇವಾಡಿ ಕಡೆ ಭಾಳ ಮಂದಿ ಅದಾರ. ಆ ಗೇಟಿಗೆ ಗುಂಡ ಹೊಡಿಯೋದ ಇಟ್ಟೀದೇನ ಮತ್ತ?

— ಇಲ್ರಿ, ಅದರ ಮ್ಯಾಲಿಂದ ಹಾರಿ ಹೋಗೋದಷ್ಟ.

— ಛಲೋ ಆತು. ಅದೇನ, ಗುಂಡ ಭಾಳಾದಾಗ ಪಿಳಿಪಿಳಿ ಅಂತೈತಲ್ಲ? ಸೆಲ್ ಇಳದಾವೇನು?

— ಅದ ನನ್ನ ತಲಿಬ್ಯಾನಿ. ಗೇಮ್ ಬಾಯ್‌ನಾಗ ಹಾಸಿನ ಮ್ಯಾಲ ಬಿಡಿಯಾಗಿ ಓಡಾಡೋ ಚಿತ್ರ, ಹಡಗ, ಗುಂಡು, ವೈರಿ, ಎಲ್ಲಾ ಕೂಡಿ 40. ಅದರಾಗೂ ಪರದಿ ಒಂದ ಗೆರಿ ಮ್ಯಾಲ 10ಕ್ಕಿಂತ ಹೆಚ್ಚ ಕಾಣಂಗಿಲ್ಲ. ಹನ್ನೊಂದನೇದ್ದು ಬಂತಂದ್ರ ಅದು ಮಾಯ. ಒಂದೊಂದು ಎಂಟ ಚುಕ್ಕಿ ಅಗಲ, 10 ಕೂಡಿದ್ರ 80. ಪರದಿ ಅರ್ಧ ಅಗಲಾನೂ ತುಂಬಿಸಿ ದಾಟಲಿಕ್ಕ ಆಗಂಗಿಲ್ಲ.

— ಮಾಯ ಆದ ಗುಂಡು ಬಡಿಯಂಗಿಲ್ಲಲ್ಲ ಮತ್ತ.

— ಬಡೀತೈತಿ. ಕಾಣಂಗಿಲ್ಲ ಅಷ್ಟ, ಲೆಕ್ಕದಾಗ ಇರತೈತಿ. ಅದಕ್ಕ ಸರದಿ ಪ್ರಕಾರ ಒಂದೊಂದ ಸಲ ಒಂದೊಂದನ್ನ ಮರೀ ಮಾಡ್ತೀನಿ, ಪಿಳಿಪಿಳಿ ಅನ್ನೋದು ಅದಕ್ಕ. ಮ್ಯಾಲ ಹಳೇ ಪರದಿ ಬ್ಯಾರೆ ಮಂದಗತಿದು. ಜೋರಾಗಿ ಓಡೋ ಗುಂಡು ಬಾಲದಂಗ ಮಸುಕ ಬಿಟ್ಟಕೋಂತ ಹೋಗತಿತ್ತು. ಅದಕ್ಕ ಗುಂಡು ದಪ್ಪ ಇರಬೇಕು, ನಿಧಾನ ಇರಬೇಕು, ಕಮ್ಮಿ ಇರಬೇಕು. ಈಗಿನ ಗುಂಡಿನ ಆಟದಾಗ ಪರದಿ ತುಂಬ ನೂರಾರು ಗುಂಡು ಮಳಿ ಸುರದಂಗ ಸುರೀತಾವ, ಆ ಸುಖ ಇಲ್ಲಿಲ್ಲ.

— ಕಾಣಲಾರದ್ದು ಬಡಿಯೋದು ನನಗ ಗುರ್ತೈತಿ. ಬ್ರಿಕ್ ಗೇಮ್ ರಿಪೇರಿಗೆ ಬಂದ್ರ ಹತ್ತರಾಗ ಏಳು ಅದ ತಕರಾರು, ಒಂದ ಕಂಬ ಮೂಡವಲ್ದು ಅಂತ. ಗಾಜಿಗೂ ತಳದ ಹಲಗಿಗೂ ನಡಬರಕ ಜೀಬ್ರಾ ರಬ್ಬರ್ ಅಂತ ಒಂದ ಪಟ್ಟಿ ಇರತೈತಿ. ಕರೇ ಗೆರಿ ಕರೆಂಟ್ ಒಯ್ತಾವ, ಬಿಳೇ ಗೆರಿ ತಡೀತಾವ. ಜಾತ್ರಿ ಧೂಳು ಅದರಾಗ ಹೊಕ್ಕಿತಂದ್ರ ಒಂದ ಕಂಬ ಪೂರಾ ಕಾಣಂಗಿಲ್ಲ. ಆದ್ರ ಚಿಪ್ಪಿನ ತಲ್ಯಾಗ ಆ ಕಂಬ ಇದ್ದ ಇರತೈತಿ, ಇಟ್ಟಂಗಿ ಇಳೀತಿರತಾವ. ಹುಡುಗ ಅಲ್ಲಿ ಏನಿಲ್ಲ ಅಂತ ಬಿಟ್ಟಿರತಾನ, ಅಲ್ಲಿಂದನ ಸೋಲತಾನ.

— ಆವಾಗ ಏನ ಮಾಡತಿದ್ರಿ?

— ನಾಕ ಸ್ಕ್ರೂ ಬಿಚ್ಚಿ, ಪಟ್ಟೀನ ಸ್ಪಿರಿಟ್ಟಿಲೆ ಒರಿಸಿ, ವಾಪಸ್ ಬಿಗಿ ಮಾಡೋದು. ಗುಂಡ ಹೊಡಿಯೋ ಬಟನ್ ಸವದಿದ್ರ ಅದರ ರಬ್ಬರ್ ತಳಕ್ಕ ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳಿ ಕತ್ತರಿಸಿ ಅಂಟಸೋದು. ಚಿಪ್ಪ ಹ್ವಾದ್ರ ಮಾತ್ರ ಏನ ಇಲ್ಲ. ಹಲಗಿ ನಡಬರಕ ಕರೀ ಡಾಂಬರ ಹನಿಯಂಥಾದ್ದು ಕೂತಿರತೈತಿ, ಅದರೊಳಗ ಚಿಪ್ಪು. ಅದನ್ನ ತಗಿಯಾಕ ಬರಂಗಿಲ್ಲ, ಹಾಕ್ಲಾಕ ಬರಂಗಿಲ್ಲ.

— ಅದು ಹೋಲ್ಟೆಕ್ ಅನ್ನೋ ತೈವಾನ್ ಕಂಪನಿ ಚಿಪ್ರಿ, ಭಾಳಷ್ಟ ಡಬ್ಬ್ಯಾಗ. ನಾಕ ಬಿಟ್‌ದು. ಗೇಮ್ ಬಾಯ್‌ದು ಎಂಟ ಬಿಟ್.

— ಅರ್ಧ ಬುದ್ಧಿ ಅನ್ನು. ಅರ್ಧ ಬುದ್ಧ್ಯಾಗ ಹಾವು, ಟ್ಯಾಂಕು, ಗುಂಡು ಎಲ್ಲಾ ತುಂಬಿದವ ಯಾರೋ ಏನೋ, ಹೆಸರ ಯಾವ ಡಬ್ಬಿ ಮ್ಯಾಲೂ ಇರಲಿಲ್ಲ. ನಿನ್ನ ಜಪಾನಿನವರಿಗೆಲ್ಲಾ ಹೆಸರದಾವ. ಆಮ್ಯಾಲ ಸಪ್ ಅಂತ ಬರದಿದ್ದ 400 ಆಟದ ಬಣ್ಣದ ಡಬ್ಬಿ ಬಂತು. ಅದರ ಬೆನ್ನ ಬಿಚ್ಚಿದ್ರ ಒಳಗ ನೋಕಿಯಾದ್ದ ಬಿಎಲ್-5ಸಿ ನಮೂನಿ ಬ್ಯಾಟ್ರಿ! ನನ್ನ ಅಂಗಡ್ಯಾಗ ಅವು ಬಿದ್ದಿದ್ವು, ಹಳೇ ಸರಕು ಖರ್ಚ ಆತು. ಅದರಾಗ ನೀ ಅಂದ ಗ್ಯಾಲಕ್ಸಿಯನ್ನೂ ಇತ್ತು. ಹುಡುಗೂರು ಅದನ್ನ ಬಿಟ್ಟು ಮಾರಿಯೋ ಆಡತಿದ್ರು.

— ನೋಡ್ರಿ ಮತ್ತ. ಗುಂಡಿನ ಆಟ ಯಾರಿಗೆ ಬೇಕಾಗಿತ್ತು?

— ಬ್ರಿಕ್ ಗೇಮ್‌ನಾಗಿನ ಗುಂಡಿನ ಆಟ ಎರಡ ಇದ್ವು. ನಾ ಹೇಳಿದ್ದು ಒಂದ. ಇನ್ನೊಂದ ಆಡೀದೇನ ನೀ?

— ಯಾವುದ್ರಿ?

— ಅಲ್ಲಿ ಬಂದೂಕು ಅದ, ಸಾಲು ಅವ. ಆದ್ರ ನೀ ಹೊಡದ್ರ ಇಟ್ಟಂಗಿ ಬೀಳಂಗಿಲ್ಲ, ಗುಂಡ ಹೋಗಿ ಇಟ್ಟಂಗಿ ಆಗಿ ಅಂಟತೈತಿ. ಸಾಲಿನ್ಯಾಗ ತೂತು ಇರತಾವ. ಆ ತೂತ ನೋಡಿ ಹೊಡದು ತುಂಬಿಸಿದ್ರ ಸಾಲಿಗೆ ಸಾಲ ಮಾಯ. ಗುರಿ ತಪ್ಪಿ ಬ್ಯಾರೆ ಕಂಬಕ್ಕ ಹೊಡದ್ರ ಅಲ್ಲಿ ಇನ್ನೊಂದ ಇಟ್ಟಂಗಿ ಜೋತ ಬೀಳತೈತಿ, ಗ್ವಾಡಿ ಒಂದ ಮನಿ ನಿನ್ನ ಸನೇಕ ಬರತೈತಿ. ಮುದ್ದೇಬಿಹಾಳದಾಗ ಒಬ್ಬ ಮುದುಕ ಮೊಮ್ಮಗಗ ಕೊಡಸ್ಲಾಕ ಬಂದು, ಈ ಆಟ ಹಿಡದು ತಾಡಪತ್ರಿ ಅಂಚಿನ್ಯಾಗ ಕೂತಬಿಟ್ಟಿದ್ದ. ಗೌಂಡಿ ಕೆಲಸದವ.

— ತಡೀರಿ. ಹೊಡದ್ರ ಕಟ್ಟತೈತಿ?

— ಹೊಡದ್ರ ಕಟ್ಟತೈತಿ. ಕಟ್ಟಿ ಮುಗದ್ರ ಒಡೀತೈತಿ.

— ಇದು ದೊಡ್ಡ ಕಂಪನಿ ಬಾಹ್ಯಾಕಾಶದ ಆಟದಾಗ ನಾ ನೋಡಿಲ್ಲ. ಅಲ್ಲಿ ಗುರಿ ತಪ್ಪಿದ ಗುಂಡು ಪರದಿ ದಾಟಿ ಹೋತಂದ್ರ ಹೋತು, ಅದಕ್ಕ ಲೆಕ್ಕ ಇಲ್ಲ. ಅದಕ್ಕ ಎಲ್ಲಾರೂ ಬಟನ್ ಒತ್ತೇ ಹಿಡದಿರತಾರ, ನೋಡಿ ಹೊಡಿಯೋದ ಇಲ್ಲ.

— ನಿನ್ನ ಆಟದಾಗೂ ಹಂಗ ಐತಿ. ನಾ ಹೆಬ್ಬೆರಳ ಎತ್ತಲಿಲ್ಲ, ಒಂದ ಹಂತ ದಾಟಿದೆ. ಹೇಳಬಾರದಂತ ಸುಮ್ಕ ಇದ್ದೆ.

— ಕಾಕಾ, ನನ್ನ ಗುಂಡು ಮ್ಯಾಲಿನ ಅಂಚ ಮುಟ್ಟಿದ ಕೂಡ್ಲೆ ಅದನ್ನ ಬಿಡಿ ಚಿತ್ರದ ಲೆಕ್ಕದಿಂದ ತಗದು, ಹಾಸಿನ್ಯಾಗ ಒಂದ ಚೌಕ ಮಾಡಿ ಬರದ ಬಿಟ್ಟರ? ಹಾಸಿನ ಚೌಕಕ್ಕ 10ರ ಮಿತಿ ಇಲ್ಲ. ಸಾಲಿಗೆ 20 ಚೌಕ ಪೂರಾ ತುಂಬಬಹುದು, ಒಂದೂ ಪಿಳುಕಂಗಿಲ್ಲ.

— ಹಾಸು ಕೆಳಗ ಸರಕೋಂತ ಬರತೈತಿ ಅಂದ್ಯಲ್ಲ.

— ಹೌದ್ರಿ.

— ಅಂದ್ರ ನಾ ತಪ್ಪಿ ಹೊಡದ ಗುಂಡು ನನ್ನ ತಲಿ ಮ್ಯಾಲನ ಇಳಕೋಂತ ಬರತೈತಿ.

— ಬರತೈತಿ. ಸಾಲು ತುಂಬಿದ್ರ ಮಾಯ, ಇಲ್ಲಂದ್ರ ಅಡ್ಡಗ್ವಾಡಿ. ವೈರಿ ಗುಂಡನ್ನೂ ಅದು ತಡದ್ರ ಇನ್ನೂ ಛಲೋ, ಅದರ ಮರಿಗಿ ನಿಲ್ಲಬಹುದು.

— ಆದ್ರ 20 ಚೌಕ ಭಾಳ ಆತು. ತುಂಬೋದ್ರಾಗ ಬ್ಯಾಸರ ಬರತೈತಿ. ಎರಡೂ ಮಗ್ಗಲ ಗ್ವಾಡಿ ಹಾಕಿ ನಡುವ 10 ಮನಿ ಬಿಡು. ಗಿಡ್ಡ ಪರದೀನೂ ಉದ್ದ ಆಗತೈತಿ.

— 10ಕ್ಕ 18. ಬಾಜೂ ಉಳದ ಜಾಗಾದಾಗ ಅಂಕಿ ಬರೀಬಹುದು.

— ಬ್ರಿಕ್ ಗೇಮ್‌ನಾಗೂ ಅಂಕಿ ಬಾಜೂಕನ ಇದ್ವು. ಮತ್ತ ಇದಕ್ಕ ಬಟನ್ ಎರಡ ಅದಾವಲ್ಲ, ಎ, ಬಿ ಅಂತ. ಒಂದರಿಂದ ಒಡೀಲಿ, ಇನ್ನೊಂದರಿಂದ ಕಟ್ಟಲಿ. ಇಡೀ ದಿನ ಒಂದನ ಒತ್ತಕೋಂತ ಕೂಡೋರಿಗೆ ಎರಡೂ ಕೂಡೇ ಒತ್ತಿದ್ರ ಏನ ಆಗತೈತಿ?

— ಅದನ್ನ ವಿಚಾರ ಮಾಡಿಲ್ಲ.

— ಮಾಡು. ಜಾತ್ರ್ಯಾಗ ಹುಡುಗೂರು ಮೊದಲ ಎರಡೂ ಕೂಡೇ ಒತ್ತಿ ನೋಡ್ತಾರ. ಆಮ್ಯಾಲ ವೇಗ ಎಷ್ಟರ ತನಕ ಏರತೈತಿ ಅಂತ ಕೇಳ್ತಾರ. ವೇಗ ಆರಿಸೋದನ್ನ ಆಟ ಸುರು ಆಗೋಕಿಂತ ಮೊದಲ ಇಡು, 9ರ ತನಕ.